ಮನಸ್ಸು ಬರಲಿ ಎಂದು ಕಾಯಬೇಡಿ: ಖಿನ್ನತೆ ಮತ್ತು ದಿನಚರಿ, ಹಂತ ಹಂತವಾಗಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯ ಆಸುಪಾಸಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವವರು ಬಹಳ ಜನ. ಸೋಗಾನೆಯ ಕೇಂದ್ರ ಕಾರಾಗೃಹ, 2023ರಲ್ಲಿ ಶುರುವಾದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ, ಮಾಚೇನಹಳ್ಳಿ ಮತ್ತು ನಿದಿಗೆಯ ಕೈಗಾರಿಕಾ ಪ್ರದೇಶಗಳು. ಕಾವಲಿನವರು, ಡ್ರೈವರ್‌ಗಳು, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ಡೇರಿ ಕೆಲಸದವರು ಎಲ್ಲರದೂ ಬೇರೆ ಬೇರೆ ಹೊತ್ತು. ಇನ್ನು ಭದ್ರಾವತಿಗೆ ಬಂದರೆ ಶಿಫ್ಟೇ ಕಳೆದುಕೊಂಡವರಿದ್ದಾರೆ. ಕಾಗದ ಕಾರ್ಖಾನೆ ಎಂಪಿಎಂ ನಿಂತು ಒಂದು ದಶಕವಾಯಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಸರಿಯಾಗಿ ನೂರು ವರ್ಷ ತುಂಬುವ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ಸುದ್ದಿ ಬಂತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು.

ಈ ಎರಡೂ ಬಗೆಯ ಮನೆಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. "ಇವ್ರು ಮೊದ್ಲು ಹೀಗಿರ್ಲಿಲ್ಲ. ಈಗ ಬೆಳಗ್ಗೆ ಏಳೋದೇ ಇಲ್ಲ, ಸ್ನಾನಕ್ಕೂ ಹೇಳ್ಬೇಕು, ಮೊಬೈಲ್ ಹಿಡ್ಕೊಂಡು ಬಿದ್ಕೊಂಡಿರ್ತಾರೆ, ಸಂಜೆ ಆದ್ರೆ ಬಾರು." ಕೊನೆಗೆ ಒಂದು ತೀರ್ಪು: ಸೋಮಾರಿ ಆಗಿದ್ದಾರೆ.

ಆ ತೀರ್ಪು ಎಷ್ಟೋ ಸಲ ತಪ್ಪು. ಖಿನ್ನತೆ ಬಂದಾಗ ಮೊದಲು ಕುಸಿಯುವುದು ದಿನಚರಿ. ನಿದ್ದೆ ಕೆಡುತ್ತದೆ, ಊಟದ ಹೊತ್ತು ತಪ್ಪುತ್ತದೆ, ಓಡಾಟ ನಿಲ್ಲುತ್ತದೆ, ಕುಡಿತ ಅಥವಾ ತಂಬಾಕು ಏರುತ್ತದೆ. ಆಮೇಲೆ ಆ ಕೆಟ್ಟ ದಿನಚರಿಯೇ ಖಿನ್ನತೆಯನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ನಿದ್ದೆ ಬಾರದೆ ನರಳುವವರಿಗೆ ಮುಂದೆ ಖಿನ್ನತೆ ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು. ಸಕ್ಕರೆ ಕಾಯಿಲೆ ಇರುವವರಲ್ಲೂ ಖಿನ್ನತೆ ಹೆಚ್ಚು. ಖಿನ್ನತೆ ಇರುವವರಿಗೆ ಸಕ್ಕರೆ ಹತೋಟಿಗೆ ತರುವುದು ಕಷ್ಟ. ಯಾವುದು ಮೊದಲು ಬಂತು ಎಂದು ಜಗಳವಾಡಿ ಪ್ರಯೋಜನವಿಲ್ಲ. ಸುತ್ತು ಎಲ್ಲಿ ಕಡಿದರೂ ಸರಿ, ಎಲ್ಲೋ ಒಂದು ಕಡೆ ಕಡಿಯಬೇಕು.

ಅದನ್ನು ಹೇಗೆ ಕಡಿಯುವುದು ಎಂಬುದಷ್ಟೇ ಈ ಬರಹದ ವಿಷಯ. ಏನನ್ನೂ ಮಾಡಲು ಮನಸ್ಸಿಲ್ಲದ ವಯಸ್ಕರಿಗಾಗಿ, ಅವರ ಮನೆಯವರಿಗಾಗಿ ಬರೆದದ್ದು. ಎಲ್ಲಕ್ಕಿಂತ ಮೊದಲು ಒಂದು ಮಾತು ಗಟ್ಟಿಯಾಗಿ ಹೇಳಿಬಿಡುತ್ತೇನೆ: ದಿನಚರಿ ಸರಿಮಾಡುವುದು ಚಿಕಿತ್ಸೆಯ ಒಂದು ಭಾಗ. ವೈದ್ಯರಿಗೂ ಮಾತ್ರೆಗೂ ಅದು ಬದಲಿ ಅಲ್ಲ. "ದಿನಾ ವಾಕಿಂಗ್ ಮಾಡು, ಎಲ್ಲಾ ಸರಿಹೋಗುತ್ತೆ" ಎಂದು ಹೇಳಿ ಕಳಿಸಿಬಿಡುವವರ ಮಾತು ನಂಬಬೇಡಿ.

ಯಾವ ಹಂತಕ್ಕೂ ಕಾಯದೆ ಮಾಡಬೇಕಾದದ್ದು

ಸಾಯಬೇಕು ಅನ್ನಿಸುತ್ತಿದ್ದರೆ, ನಾನಿಲ್ಲದಿದ್ದರೇ ಮನೆಯವರಿಗೆ ನೆಮ್ಮದಿ ಅನ್ನಿಸುತ್ತಿದ್ದರೆ, ಮುಂದಿನದನ್ನು ಓದುವ ಮುಂಚೆ 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಇದೆ ಅನ್ನಿಸಿದರೆ 108 ಅಥವಾ 112. ಮನೆಯವರು ಅಂಥವರನ್ನು ಒಬ್ಬರನ್ನೇ ಬಿಡಬಾರದು. ತೋಟ, ಗದ್ದೆ ಇರುವ ಮನೆಯಾದರೆ ಔಷಧಿ ಹೊಡೆಯುವ ಡಬ್ಬಗಳನ್ನು ಇವತ್ತೇ ಬೇರೆ ಕಡೆ ಬೀಗ ಹಾಕಿಡಿ. ಹೆಚ್ಚಿಗೆ ಉಳಿದ ಮಾತ್ರೆಗಳನ್ನೂ ಅಷ್ಟೇ. "ಕೇಳಿದ್ರೆ ಆ ಯೋಚನೆ ತಲೆಗೆ ಹಾಕಿದಂಗಾಗುತ್ತೆ" ಎಂದು ಹೆದರಬೇಡಿ. ನೇರವಾಗಿ, ಮೆತ್ತಗೆ ಕೇಳುವುದರಿಂದ ಹಾಗಾಗುವುದಿಲ್ಲ. ಕೇಸಾಗುತ್ತದೆ ಎಂಬ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸಾಯಲು ಯತ್ನಿಸಿದವರನ್ನು ಶಿಕ್ಷೆ ಕೊಡಬೇಕಾದವರೆಂದು ನೋಡುವುದಿಲ್ಲ, ಚಿಕಿತ್ಸೆ ಬೇಕಾದವರೆಂದು ನೋಡುತ್ತದೆ.

ಹಂತ 1: ಬೇಜಾರೋ, ಖಿನ್ನತೆಯೋ?

ಬೇಜಾರು ಬರುತ್ತದೆ, ಹೋಗುತ್ತದೆ. ಮಗಳು ಊರಿಂದ ಬಂದರೆ, ಒಳ್ಳೇ ಮಳೆ ಆದರೆ, ಮ್ಯಾಚ್ ಗೆದ್ದರೆ ಹಗುರಾಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರ, ದಿನದ ಹೆಚ್ಚು ಹೊತ್ತು, ಹೆಚ್ಚುಕಡಿಮೆ ಪ್ರತಿದಿನ ಇರುತ್ತದೆ. ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಖುಷಿ ಕೊಡುವುದಿಲ್ಲ.

ಜಗತ್ತಿನಾದ್ಯಂತ ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಪಿಎಚ್‌ಕ್ಯೂ-9 ಅಂತ. ಕಳೆದ ಎರಡು ವಾರದಲ್ಲಿ ಈ ಒಂಬತ್ತು ಸಂಗತಿ ಎಷ್ಟು ಕಾಡಿತು ಎಂದು ಅದು ಕೇಳುತ್ತದೆ: ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆ ಬಾರದಿರುವುದು ಇಲ್ಲವೇ ಅತಿಯಾಗುವುದು, ಸುಸ್ತು, ಹಸಿವು ಹೋಗುವುದು ಇಲ್ಲವೇ ಹೆಚ್ಚಾಗುವುದು, ನಾನು ಕೆಲಸಕ್ಕೆ ಬಾರದವನು ಎಂಬ ಭಾವನೆ, ಗಮನ ನಿಲ್ಲದಿರುವುದು, ನಡೆ ನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಸಾವಿನ ಯೋಚನೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಇಲ್ಲವೇ ಇಲ್ಲ ಎಂದರೆ 0, ಹೆಚ್ಚುಕಡಿಮೆ ದಿನಾ ಎಂದರೆ 3. ಒಟ್ಟು 27. ಮೊತ್ತ 10 ಅಥವಾ ಅದಕ್ಕಿಂತ ಹೆಚ್ಚಾದರೆ ವೈದ್ಯರನ್ನು ನೋಡಲೇಬೇಕು. ಕೊನೇ ಪ್ರಶ್ನೆಗೆ 1 ಅಂಕ ಬಂದರೂ, ಒಟ್ಟು ಎಷ್ಟೇ ಇರಲಿ, ನೋಡಲೇಬೇಕು. ಒಂದು ಹಾಳೆಯಲ್ಲಿ ಅಂಕ ಬರೆದು ದಿನಾಂಕ ಹಾಕಿಡಿ, ತಿಂಗಳ ಮೇಲೆ ಹೋಲಿಸಲು ಬೇಕಾಗುತ್ತದೆ.

ನಮ್ಮ ಕಡೆ ಎಷ್ಟೋ ಜನ "ಮನಸ್ಸಿಗೆ ಸರಿಯಿಲ್ಲ" ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಗ್ಯಾಸ್ಟ್ರಿಕ್, ಮೈ ಕೈ ನೋವು, ಎದೆ ಹಿಡಿದಂತಾಗುವುದು ಎಂದು ಬರುತ್ತಾರೆ. ಎಂಡೋಸ್ಕೋಪಿ, ಇಸಿಜಿ ಎಲ್ಲ ಆಗಿ "ಏನೂ ಇಲ್ಲ" ಎಂದು ಬಂದಿದ್ದರೆ, ನೋವು ಸುಳ್ಳು ಎಂದರ್ಥವಲ್ಲ. ಖಿನ್ನತೆಯೂ ಮೈಯಲ್ಲಿ ನೋವಾಗಿ ಕಾಣಿಸಿಕೊಳ್ಳುತ್ತದೆ.

ಹಂತ 2: ಒಂದು ಸಲ ಆಸ್ಪತ್ರೆಗೆ ಹೋಗಿಬನ್ನಿ

ಇದನ್ನು ಎರಡನೇ ಹಂತದಲ್ಲಿಟ್ಟಿರುವುದಕ್ಕೆ ಕಾರಣವಿದೆ. ಥೈರಾಯ್ಡ್ ಕಡಿಮೆಯಾದರೆ, ರಕ್ತ ಕಡಿಮೆಯಾದರೆ, ಬಿ12 ಕೊರತೆಯಾದರೆ, ಸಕ್ಕರೆ ಏರಿದ್ದರೆ ಥೇಟ್ ಖಿನ್ನತೆಯಂತೆಯೇ ಸುಸ್ತು, ಮಂಕು, ನಿದ್ದೆಯ ತೊಂದರೆ ಬರುತ್ತದೆ. ಗೊರಕೆ ಜೋರಾಗಿದ್ದು, ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಎಂಟು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ. ಇವಕ್ಕೆಲ್ಲ ಬೇರೆಯೇ ಚಿಕಿತ್ಸೆ ಇದೆ. ಅದನ್ನು ತಿಳಿಯದೆ ದಿನಚರಿ ಸರಿಮಾಡಲು ಹೊರಟರೆ, ಆಗದಿದ್ದಾಗ ಮತ್ತೆ ನಿಮ್ಮನ್ನೇ ಬೈದುಕೊಳ್ಳುತ್ತೀರಿ.

ಎಲ್ಲಿಗೆ ಹೋಗುವುದು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ಭದ್ರಾವತಿಯಲ್ಲಿ ತಾಲೂಕು ಆಸ್ಪತ್ರೆ ಇದೆ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವ ಏರ್ಪಾಡು ಬಂದದ್ದು ಇದೇ ಕಾರಣಕ್ಕೆ, ಜಿಲ್ಲಾ ಕೇಂದ್ರದವರೆಗೆ ಅಲೆದಾಟ ತಪ್ಪಲಿ ಅಂತ. ಹೋಗುವ ಮುಂಚೆ ಯಾವ ದಿನ, ಯಾವ ಹೊತ್ತು ಎಂದು ವಿಚಾರಿಸಿಕೊಳ್ಳಿ.

ಮನೋವೈದ್ಯರ ಬಳಿ ಹೋಗುವುದೆಂದರೆ ನಾಚಿಕೆ ಪಡುವ ಊರಲ್ಲ ನಮ್ಮದು, ಆಗಬಾರದು. ಡಾ. ಅಶೋಕ್ ಪೈ ಶಿವಮೊಗ್ಗದಲ್ಲೇ ಇದ್ದು ಮಾನಸ ಆಸ್ಪತ್ರೆ ಕಟ್ಟಿದವರು. ಮನಸ್ಸಿನ ಕಾಯಿಲೆಯ ಬಗ್ಗೆ ಜನರಿಗೆ ತಿಳಿಯಲಿ ಎಂದು ಪತ್ರಿಕೆಗಳಲ್ಲಿ ಬರೆದರು, ಸುರೇಶ್ ಹೆಬ್ಳೀಕರ್ ನಿರ್ದೇಶನದ 'ಕಾಡಿನ ಬೆಂಕಿ', 'ಆಘಾತ'ದಂಥ ಚಿತ್ರಗಳ ಹಿಂದೆ ನಿಂತರು. 2016ರಲ್ಲಿ ತೀರಿಕೊಂಡರು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಮಾನಸಿಕ ಆರೋಗ್ಯದ ಕನ್ನಡ ಪುಸ್ತಕಗಳಂತೂ ಸಣ್ಣ ಊರಿನ ಗ್ರಂಥಾಲಯದಲ್ಲೂ ಸಿಗುತ್ತವೆ. ಇಷ್ಟಾದರೂ, ನಿಮ್ಹಾನ್ಸ್ 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕಂಡದ್ದೇನೆಂದರೆ, ಇಪ್ಪತ್ತು ವಯಸ್ಕರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೂ ಖಿನ್ನತೆ ಬಂದಿತ್ತು. ಖಿನ್ನತೆ ಇದ್ದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಆ 85ರಲ್ಲಿ ನೀವೊಬ್ಬರಾಗಬೇಡಿ.

ವೈದ್ಯರು ಮಾತ್ರೆ ಬರೆದುಕೊಟ್ಟರೆ ಮೂರು ಸಂಗತಿ ನೆನಪಿರಲಿ. ಖಿನ್ನತೆಯ ಮಾತ್ರೆ ತಲೆನೋವಿನ ಮಾತ್ರೆಯಂತೆ ಅವತ್ತೇ ಕೆಲಸ ಮಾಡುವುದಿಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುವುದು, ತಲೆನೋವು ಇರಬಹುದು, ಸಾಮಾನ್ಯವಾಗಿ ಇಳಿಯುತ್ತದೆ. ಗುಣವಾಯಿತು ಅನ್ನಿಸಿದ ಕೂಡಲೇ ನೀವೇ ನಿಲ್ಲಿಸಬಾರದು, ಆಮೇಲೂ ಕೆಲವು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಹಂತ 3: ಒಂದು ವಾರ ಬರೆದಿಡಿ, ಏನನ್ನೂ ಬದಲಿಸಬೇಡಿ

ಹಳೇ ಡೈರಿಯೋ, ಮಕ್ಕಳ ನೋಟ್‌ಬುಕ್ಕೋ ಸಾಕು. ದಿನಕ್ಕೆ ನಾಲ್ಕೇ ಸಾಲು: ಎಷ್ಟು ಹೊತ್ತಿಗೆ ಮಲಗಿದೆ, ಎದ್ದೆ, ಏನು ತಿಂದೆ, ಕುಡಿದೆ, ಎಷ್ಟು ಓಡಾಡಿದೆ, ಯಾರ ಜೊತೆ ಮಾತಾಡಿದೆ. ಪ್ರತಿ ಸಾಲಿನ ಪಕ್ಕ ಆ ಹೊತ್ತಿಗೆ ಮನಸ್ಸು ಹೇಗಿತ್ತು ಎಂದು 0ಯಿಂದ 10ರೊಳಗೆ ಒಂದು ಅಂಕಿ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸೋಗಾನೆ ಕಡೆಯ ನಲವತ್ತೈದರ ಕಾವಲುಗಾರ, ರಾತ್ರಿ ಪಾಳಿ. ಬೆಳಗ್ಗೆ ಏಳಕ್ಕೆ ಮನೆಗೆ, ಕಾಫಿ ಕುಡಿದು ಮೊಬೈಲ್ ನೋಡುತ್ತಾ ಹತ್ತಕ್ಕೆ ನಿದ್ದೆ, ಒಂದಕ್ಕೆ ಸದ್ದಿಗೆ ಎಚ್ಚರ, ಊಟ ಮೂರಕ್ಕೆ, ಸಂಜೆ ಮತ್ತೆ ಜೊಂಪು, ಎಚ್ಚರವಿರಲು ಪಾಳಿಯಲ್ಲಿ ಆರು ಕಾಫಿ, ಎರಡು ಪ್ಯಾಕೆಟ್ ಗುಟ್ಕಾ, ರಜೆಯ ದಿನ ಕ್ವಾರ್ಟರ್. ಅಂಕಿಗಳು ಎರಡು, ಮೂರರಲ್ಲೇ. ಒಂದೇ ದಿನ ಐದು. ಅವತ್ತು ಏನಾಗಿತ್ತು? ಅಣ್ಣನ ಮಗನ ಜೊತೆ ಗಾಡಿ ರಿಪೇರಿ ಮಾಡಿಸಲು ಪೇಟೆಗೆ ಹೋಗಿದ್ದರು. ಇಂಥ ಒಂದು ಐದನ್ನು ಹುಡುಕುವುದೇ ಈ ವಾರದ ಕೆಲಸ. ಖಿನ್ನತೆಯಲ್ಲಿರುವವರಿಗೆ "ಎಲ್ಲಾ ದಿನವೂ ಒಂದೇ" ಅನ್ನಿಸುತ್ತದೆ. ಬರೆದಾಗ ಹಾಗಲ್ಲ ಎಂದು ಕಣ್ಣಿಗೆ ಕಾಣುತ್ತದೆ.

ಹಂತ 4: ಏಳುವ ಹೊತ್ತನ್ನು ಕಟ್ಟಿಹಾಕಿ

ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋಗುವವರು ಮೂರೇ ದಿನದಲ್ಲಿ ಸೋಲುತ್ತಾರೆ. ಒಂದರಿಂದ ಶುರು ಮಾಡಿ, ಆ ಒಂದು ಏಳುವ ಹೊತ್ತಾಗಿರಲಿ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ. ನಿದ್ದೆಯನ್ನು ಬಲವಂತವಾಗಿ ತರಿಸಲು ಯಾರಿಂದಲೂ ಆಗದು. ಏಳುವ ಹೊತ್ತು ಮಾತ್ರ ಸ್ವಲ್ಪ ಮಟ್ಟಿಗೆ ಕೈಯಲ್ಲಿದೆ. ಆರೂವರೆ ಎಂದರೆ ಆರೂವರೆ; ಭಾನುವಾರವೂ, ರಾತ್ರಿ ನಿದ್ದೆಯೇ ಬಂದಿಲ್ಲದಿದ್ದರೂ. ಎದ್ದ ಕೂಡಲೇ ಜಗಲಿಗೋ ಅಂಗಳಕ್ಕೋ ಬಂದು ಹತ್ತಿಪ್ಪತ್ತು ನಿಮಿಷ ಹೊರಗಿನ ಬೆಳಕಲ್ಲಿರಿ, ಕಾಫಿ ಅಲ್ಲೇ ಕುಡಿಯಿರಿ. ನಮ್ಮ ಮೈಯೊಳಗಿನ ಗಡಿಯಾರ ನಡೆಯುವುದು ಬೆಳಗಿನ ಬೆಳಕು ನೋಡಿಕೊಂಡೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮೋಡಕ್ಕೆ ಮನೆಯೊಳಗೆ ಹಗಲೂ ಲೈಟು ಹಾಕಬೇಕಾಗುತ್ತದೆ. ಆಗಲೂ ಮೋಡದ ಕೆಳಗಿನ ಬೆಳಕು ಮನೆಯೊಳಗಿನ ಬಲ್ಬಿಗಿಂತ ಎಷ್ಟೋ ಪಾಲು ಹೆಚ್ಚು. ಹಾಗಾಗಿ ಮಳೆಗಾಲದಲ್ಲಿ ಇದನ್ನು ಬಿಡಲೇಬೇಡಿ, ಛತ್ರಿ ಹಿಡಿದಾದರೂ ಹೊರಗೆ ಬನ್ನಿ.

ಹಾಸಿಗೆ ನಿದ್ದೆಗೆ ಮಾತ್ರ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಲ್ಲಿ ಕೂತಿರಿ, ಕಣ್ಣು ಎಳೆದಾಗ ಮತ್ತೆ ಹೋಗಿ. ಹೊರಳಾಡುತ್ತಾ ಗಂಟೆಗಟ್ಟಲೆ ಮಲಗಿದ್ದರೆ ಹಾಸಿಗೆ ಕಂಡರೇ ಚಿಂತೆ ಶುರುವಾಗುವ ಅಭ್ಯಾಸ ಬೀಳುತ್ತದೆ. ಕಾಫಿ ಟೀ ಮಧ್ಯಾಹ್ನ ಎರಡರ ಮೇಲೆ ಬೇಡ. ಕುಡಿದ ಕಾಫಿಯ ಕೆಫೀನ್ ಅರ್ಧ ಇಳಿಯಲು ಐದು ಗಂಟೆಯಷ್ಟು ಬೇಕು, ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ.

ರಾತ್ರಿ ಪಾಳಿಯವರಿಗೆ ಇದೇ ನಿಯಮ ತಿರುಗುಮುರುಗು. ಪಾಳಿ ಮುಗಿಸಿ ಬರುವಾಗ ಕಪ್ಪು ಕನ್ನಡಕ, ಬಂದ ಅರ್ಧ ಗಂಟೆಯೊಳಗೆ ಮಲಗುವುದು, ಕಿಟಕಿಗೆ ದಪ್ಪ ಬಟ್ಟೆ, ಫೋನ್ ಸೈಲೆಂಟ್, ಕಾಫಿ ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ. ಮನೆಯವರು ಹಗಲಿನ ಆ ಆರೇಳು ಗಂಟೆಯನ್ನು ರಾತ್ರಿ ಎಂದೇ ತಿಳಿಯಬೇಕು. ನೆಂಟರು ಬಂದರು, ಕೊರಿಯರ್ ಬಂತು ಎಂದು ಎಬ್ಬಿಸಬಾರದು. ವಾರಕ್ಕೊಮ್ಮೆ ಪಾಳಿ ಬದಲಾಗುವವರ ಕಷ್ಟ ದೊಡ್ಡದು. ಖಿನ್ನತೆ ಇದೆಯೆಂದು ಗೊತ್ತಾದ ಮೇಲೆ ವೈದ್ಯರ ಚೀಟಿ ಪಡೆದು ಕೆಲವು ತಿಂಗಳು ಹಗಲು ಪಾಳಿ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೊಡುವುದು ಮೇಲ್ವಿಚಾರಕರ ಮನುಷ್ಯತ್ವ.

ಹಂತ 5: ಮೊದಲು ಮೈ ಎದ್ದು ಹೋಗಲಿ

ಇಡೀ ಬರಹದಲ್ಲಿ ನಾನು ಹೆಚ್ಚು ನಂಬಿರುವ ಹಂತ ಇದು. ಮನಸ್ಸು ಬಂದ ಮೇಲೆ ಮಾಡ್ತೀನಿ ಎನ್ನುವುದು ಆರೋಗ್ಯವಂತರಿಗೆ ಸರಿ. ಖಿನ್ನತೆಯಲ್ಲಿ ಮನಸ್ಸು ತಾನಾಗಿ ಬರುವುದಿಲ್ಲ, ಅದೇ ಆ ಕಾಯಿಲೆಯ ಲಕ್ಷಣ. ಅಲ್ಲಿ ಕೆಲಸ ಮುಂಚೆ, ಮನಸ್ಸು ಹಿಂದಿನಿಂದ.

ನಮ್ಮ ಪಕ್ಕದ ಗೋವಾದಲ್ಲೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸಂಗಾತ್ ಎಂಬ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯಿದ್ದ 495 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಅದರ ಜೊತೆಗೆ, ತರಬೇತಿ ಪಡೆದ ಸ್ಥಳೀಯರು ಆರರಿಂದ ಎಂಟು ಸಲ ಕೂತು ಮಾತಾಡಿ, ಬಿಟ್ಟುಬಿಟ್ಟಿದ್ದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವಂತೆ ಮಾಡಿದರು. ಆ ಸಲಹೆಗಾರರು ವೈದ್ಯರಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಮೂರು ತಿಂಗಳ ಮೇಲೆ ನೋಡಿದರೆ ಮೊದಲ ಗುಂಪಿನಲ್ಲಿ ನೂರಕ್ಕೆ 39 ಜನ ಖಿನ್ನತೆಯಿಂದ ಹೊರಬಂದಿದ್ದರು, ಎರಡನೆಯದರಲ್ಲಿ 64. ಇದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಕೆಲಸ ಹೋದ ಊರಿಗೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಇದೆ. ಆಸ್ಟ್ರಿಯಾದ ಮಾರಿಯೆಂಟಾಲ್ ಎಂಬ ಸಣ್ಣ ಊರಲ್ಲಿ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಸಂಶೋಧಕಿ ಮಾರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಜನಜೀವನ ದಾಖಲಿಸಿದರು. ಪುಸ್ತಕ ಬಂದದ್ದು 1933ರಲ್ಲಿ. ಕೈತುಂಬ ಸಮಯವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ಇಳಿದಿತ್ತು, ದಾರಿಯಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದರು. ಸಂಬಳದ ಜೊತೆಗೆ ಕೆಲಸ ಕೊಡುತ್ತಿದ್ದ ಬೇರೊಂದು ವಸ್ತುವೂ ಹೋಗಿತ್ತು: ದಿನಕ್ಕೊಂದು ಆಕಾರ. ಭದ್ರಾವತಿಯ ಪೇಪರ್ ಟೌನ್, ನ್ಯೂಟೌನ್‌ಗಳ ಮನೆಗಳಲ್ಲಿ ಇದನ್ನು ಓದುವವರಿಗೆ ವಿವರಿಸಬೇಕಾಗಿಲ್ಲ. ಕೆಲಸ ಕೊಡಿಸುವ ಹೊಣೆ ಸರ್ಕಾರದ್ದು. ಅದು ಬರುವವರೆಗೆ ದಿನಕ್ಕೆ ಆಕಾರ ಕೊಟ್ಟುಕೊಳ್ಳುವುದು ನಾವೇ ಮಾಡಬಹುದಾದ ಕೆಲಸ.

ಮಾಡುವ ಬಗೆ ಹೀಗೆ. ಖಿನ್ನತೆ ಬರುವ ಮುಂಚೆ ಮಾಡುತ್ತಿದ್ದ ಹತ್ತು ಕೆಲಸ ಬರೆಯಿರಿ. ಹಾಲು ತರುವುದು, ಗಿಡಕ್ಕೆ ನೀರು, ಗಾಡಿ ತೊಳೆಯುವುದು, ಸಂತೆ, ಭಜನೆ, ತಂಗಿಗೆ ಫೋನು, ಕೇರಂ. ಅದರಲ್ಲಿ ತೀರಾ ಹಗುರಾದ ಎರಡನ್ನು ಆರಿಸಿ, ದಿನ ಮತ್ತು ಗಂಟೆ ಹಾಕಿ ಬರೆಯಿರಿ. "ವಾಕಿಂಗ್ ಹೋಗಬೇಕು" ಎಂದು ಬರೆದರೆ ಆಗುವುದಿಲ್ಲ. "ನಾಳೆ ಏಳು ಗಂಟೆಗೆ ಚಪ್ಪಲಿ ಹಾಕಿ ಬಸ್‌ಸ್ಟಾಪ್‌ವರೆಗೆ" ಎಂದು ಬರೆದರೆ ಆಗುತ್ತದೆ. ಅಷ್ಟೂ ಭಾರವಾದರೆ ಗೇಟಿನವರೆಗೆ. ಮಾಡಿ ಬಂದ ಮೇಲೆ ಅಂಕಿ ಬರೆಯಿರಿ. ಮೊದಮೊದಲು ಖುಷಿ ಆಗುವುದಿಲ್ಲ, ಆಗಲೇಬೇಕು ಎಂದೂ ಇಲ್ಲ. ಮಾಡಿದ್ದೇ ಲೆಕ್ಕ.

ನಡಿಗೆಯನ್ನು ವಾರಕ್ಕೆ ಐದೈದು ನಿಮಿಷದಂತೆ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ, ಮಾತಾಡಲು ಬರಬೇಕು ಹಾಡಲು ಆಗಬಾರದು ಎನ್ನುವಷ್ಟು ವೇಗ. ಅಲ್ಲಿಗೆ ಮುಟ್ಟಲು ಎರಡು ಮೂರು ತಿಂಗಳು ಹಿಡಿದರೂ ಸರಿಯೇ. ಅದಕ್ಕಿಂತ ಕಡಿಮೆ ನಡೆದರೂ ಸುಮ್ಮನೆ ಕೂರುವುದಕ್ಕಿಂತ ಮೇಲು. ಜಾಗಕ್ಕೇನೂ ಬರವಿಲ್ಲ. ಶಿವಮೊಗ್ಗದಲ್ಲಿ ನೆಹರೂ ಕ್ರೀಡಾಂಗಣ, ಗಾಂಧಿ ಪಾರ್ಕ್, ಜೈಲು ಸೋಗಾನೆಗೆ ಹೋದ ಮೇಲೆ ತೆರವಾದ ಫ್ರೀಡಂ ಪಾರ್ಕ್ ಜಾಗ. ಭದ್ರಾವತಿಯಲ್ಲಿ ಕನಕ ಮಂಟಪ ಮೈದಾನ, ನ್ಯೂಟೌನ್‌ನ ಮರಗಳ ನೆರಳಿನ ರಸ್ತೆಗಳು. ಎದೆನೋವು, ಮಂಡಿನೋವು, ಬಿಪಿ ಇರುವವರು ಮೊದಲೇ ವೈದ್ಯರಿಗೆ ಹೇಳಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಖಿನ್ನತೆ ಗಂಡಸರಿಗಿಂತ ನಿಮ್ಮಲ್ಲಿ ಹೆಚ್ಚು, ಬಾಣಂತನದ ತಿಂಗಳುಗಳಲ್ಲಿ ಇನ್ನೂ ಹೆಚ್ಚು. "ದಿನವಿಡೀ ಮನೆಕೆಲಸ ಮಾಡ್ತಾಳಲ್ಲ, ಅದೇ ವ್ಯಾಯಾಮ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ದುಡಿಮೆಯಲ್ಲಿ ದಣಿವಿದೆ, ನಿಮ್ಮದೇ ಎನ್ನುವ ಹೊತ್ತಿಲ್ಲ. ಗಾರ್ಮೆಂಟ್ಸ್‌ನಿಂದ ಬಂದು ಮತ್ತೆ ಒಲೆ ಮುಂದೆ ನಿಲ್ಲುವವರಿಗೆ ಬೇಕಾದದ್ದು ಇನ್ನೊಂದು ಕೆಲಸವಲ್ಲ, ಅರ್ಧ ಗಂಟೆ ಬಿಡುವು ಮತ್ತು ಆ ಅರ್ಧ ಗಂಟೆ ಪಾತ್ರೆ ತೊಳೆಯುವ ಇನ್ನೊಬ್ಬರು. ಅದನ್ನು ಪಟ್ಟಿಯಲ್ಲಿ ಮೊದಲು ಬರೆಯಿರಿ.

ಹಂತ 6: ಊಟ, ಹೊತ್ತಿಗೆ ಸರಿಯಾಗಿ

ಖಿನ್ನತೆಯಲ್ಲಿ ಅಡುಗೆ ಮಾಡುವ ಶಕ್ತಿ ಇರುವುದಿಲ್ಲ, ಹಾಗಾಗಿ ಬೇಕರಿಯ ಪಫ್ಸು, ಗೋಬಿ ಮಂಚೂರಿ, ಬಿಸ್ಕತ್ತು ಟೀಯಲ್ಲೇ ದಿನ ಕಳೆಯುತ್ತದೆ. ಮೊದಲ ಗುರಿ ಏನು ತಿನ್ನುತ್ತೀರಿ ಎಂಬುದಲ್ಲ, ಮೂರು ಹೊತ್ತು ತಿನ್ನುವುದು. ಆಮೇಲೆ ಒಂದೊಂದೇ ಸೇರಿಸಿ: ಮಧ್ಯಾಹ್ನ ಸೊಪ್ಪಿನ ಸಾರು ಅಥವಾ ತಂಬುಳಿ, ಸಂಜೆ ಪಫ್ಸಿನ ಜಾಗಕ್ಕೆ ಬೇಯಿಸಿದ ಕಡಲೆ, ಒಂದು ಬಾಳೆಹಣ್ಣು, ತಿನ್ನುವವರಾದರೆ ವಾರಕ್ಕೆರಡು ಸಲ ಮೀನು.

ಆಸ್ಟ್ರೇಲಿಯಾದಲ್ಲಿ 67 ಜನರ ಮೇಲೆ ನಡೆದ, 2017ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ತರಕಾರಿ, ಕಾಳು, ಮೀನು, ಇಡಿಧಾನ್ಯ ಹೆಚ್ಚಿಸಿ ಕರಿದದ್ದು, ಸಿಹಿ ಕಡಿಮೆ ಮಾಡಿದವರಲ್ಲಿ ಹನ್ನೆರಡು ವಾರದ ಮೇಲೆ ನೂರಕ್ಕೆ 32 ಜನ ಖಿನ್ನತೆಯಿಂದ ಹೊರಬಂದರು, ಬರೀ ಮಾತುಕತೆಯ ಸಾಂಗತ್ಯ ಸಿಕ್ಕ ಗುಂಪಿನಲ್ಲಿ 8. ಪ್ರಯೋಗ ಚಿಕ್ಕದು, ಅದರಲ್ಲಿದ್ದ ಬಹಳಷ್ಟು ಜನ ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು, ಹಾಗಾಗಿ ಊಟವೇ ಔಷಧಿ ಎಂದು ಡಂಗುರ ಸಾರಬೇಕಿಲ್ಲ. ನಮ್ಮ ಅಜ್ಜಿಯರ ಅಡುಗೆಯಲ್ಲಿ ಆ ಪಟ್ಟಿಯ ಬಹುಪಾಲು ಇತ್ತು ಎನ್ನುವುದು ಮಾತ್ರ ನಿಜ.

ಹಂತ 7: ಕುಡಿತ ಮತ್ತು ತಂಬಾಕು

ಕುಡಿದರೆ ಎರಡು ಗಂಟೆ ಹಗುರ. ಆಮೇಲೆ ಮಧ್ಯರಾತ್ರಿ ಎಚ್ಚರ, ಬೆಳಗ್ಗೆ ಎದ್ದಾಗ ನಿನ್ನೆಗಿಂತ ಹೆಚ್ಚು ಮಂಕು. ಮದ್ಯ ನಿದ್ದೆಯ ಎರಡನೇ ಅರ್ಧವನ್ನು ಒಡೆಯುತ್ತದೆ, ಖಿನ್ನತೆಯ ಮಾತ್ರೆಯ ಗುಣವನ್ನೂ ಕೆಡಿಸುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಗಮನವಿಟ್ಟು ಓದಿ: ವರ್ಷಗಳಿಂದ ದಿನಾ ಹೆಚ್ಚು ಕುಡಿಯುತ್ತಿರುವವರು ಏಕಾಏಕಿ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು ಶುರುವಾಗಬಹುದು, ಅದು ಜೀವಕ್ಕೇ ಅಪಾಯ. ವೈದ್ಯರ ನಿಗಾದಲ್ಲಿ, ಬೇಕಾದರೆ ಕೆಲವು ದಿನ ಆಸ್ಪತ್ರೆಯಲ್ಲಿದ್ದು ಬಿಡಬೇಕು. ದೇವರ ಮೇಲೆ ಆಣೆ ಮಾಡಿಸಿ ಕೋಣೆಯಲ್ಲಿ ಕೂಡಿಹಾಕುವ ಮನೆಯವರು ಇದನ್ನು ತಿಳಿದಿರಲಿ.

ನಮ್ಮದು ಅಡಿಕೆಯ ಜಿಲ್ಲೆ. ಕವಳ ಹಾಕುವುದು ಇಲ್ಲಿ ಸಹಜ, ಗುಟ್ಕಾ 2013ರಲ್ಲೇ ನಿಷೇಧವಾದರೂ ಬಾಯಿಯಿಂದ ಹೋಗಿಲ್ಲ. "ಬಿಟ್ರೆ ಟೆನ್ಷನ್ ಆಗುತ್ತೆ" ಎನ್ನುವುದು ಮೊದಲ ಕೆಲವು ವಾರದ ಮಟ್ಟಿಗೆ ನಿಜ. ಆದರೆ ಧೂಮಪಾನ ಬಿಟ್ಟವರ ಮನಸ್ಸು ಕೆಲವು ತಿಂಗಳ ಮೇಲೆ, ಬಿಡದವರಿಗಿಂತ ಹಗುರಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ತಂಬಾಕು ಬಿಡಲು ಸಹಾಯಕ್ಕೆ 1800-11-2356 ಎಂಬ ಉಚಿತ ಸಂಖ್ಯೆ ಇದೆ. ಖಿನ್ನತೆ ತೀವ್ರವಾಗಿರುವಾಗ ಎಲ್ಲ ಚಟಗಳ ಮೇಲೂ ಒಟ್ಟಿಗೆ ಯುದ್ಧ ಹೂಡಬೇಡಿ. ಯಾವುದನ್ನು ಮೊದಲು ಬಿಡುವುದೆಂದು ವೈದ್ಯರ ಜೊತೆ ಕೂತು ತೀರ್ಮಾನಿಸಿ.

ಮೊಬೈಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ, ಅಲಾರಂಗೆ ನೂರಿನ್ನೂರು ರೂಪಾಯಿಯ ಗಡಿಯಾರ ತನ್ನಿ. ಅಷ್ಟು ಮಾಡಿದರೆ ಅರ್ಧ ಕೆಲಸ ಆಯಿತು.

ಹಂತ 8: ಮನೆಯವರ ಪಾಲು

"ನಿನಗೇನು ಕಮ್ಮಿಯಾಗಿದೆ?", "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ", "ಮನಸ್ಸು ಗಟ್ಟಿ ಮಾಡ್ಕೋ". ಈ ಮೂರು ಮಾತು ಬಿಟ್ಟುಬಿಡಿ. ಅವುಗಳ ಬದಲು ತಮ್ಮನೊಬ್ಬ ಹೀಗೆ ಹೇಳಬಹುದು: "ಅಣ್ಣಾ, ಇತ್ತೀಚೆಗೆ ನೀನು ಮೊದಲಿನ ಥರ ಇಲ್ಲ ಅನ್ನಿಸ್ತಿದೆ. ಮಂಗಳವಾರ ನಾನೂ ರಜ ಹಾಕ್ತೀನಿ, ಒಟ್ಟಿಗೆ ಆಸ್ಪತ್ರೆಗೆ ಹೋಗಿಬರೋಣ." ಬೆಳಗ್ಗೆ "ವಾಕಿಂಗ್ ಹೋಗಿ" ಎಂದು ಒಳಗಿನಿಂದ ಕೂಗುವ ಬದಲು ನೀವೂ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಲ್ಲಿ. ಮಾತಾಡಿಸಲೇಬೇಕೆಂದಿಲ್ಲ, ಪಕ್ಕದಲ್ಲಿ ನಡೆದರೆ ಸಾಕು. ದೇವರಿಗೆ ಹರಕೆ ಹೇಳಿಕೊಳ್ಳುವವರು ಹೇಳಿಕೊಳ್ಳಿ, ಅದರಿಂದ ಧೈರ್ಯ ಬರುವುದಾದರೆ ಒಳ್ಳೆಯದೇ. ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಹಂತ 9: ತಿಂಗಳ ಮೇಲೆ ಲೆಕ್ಕ

ನಡುವೆ ಎಷ್ಟೋ ದಿನ ತಪ್ಪುತ್ತದೆ. ನೆಂಟರ ಮದುವೆ, ಜ್ವರ, ಪಾಳಿ ಬದಲು, ಏಳಲಾಗದ ಬೆಳಗು. ತಪ್ಪಿದ ದಿನಕ್ಕೆ ದಂಡ ಹಾಕಿಕೊಳ್ಳಬೇಡಿ, ಮಾರನೇ ದಿನ ಅದೇ ಹೊತ್ತಿಗೆ ಏಳಿ. ನಾಲ್ಕು ವಾರವಾದ ಮೇಲೆ ಮತ್ತೆ ಆ ಒಂಬತ್ತು ಪ್ರಶ್ನೆಗೆ ಅಂಕ ಹಾಕಿ ಹಳೇ ಹಾಳೆಯ ಪಕ್ಕ ಇಡಿ. ಇಳಿದಿದ್ದರೆ ಮುಂದುವರಿಸಿ. ಇಳಿದಿಲ್ಲ ಅಥವಾ ಏರಿದೆ ಎಂದರೆ ನೀವು ಸೋತಿರಿ ಎಂದಲ್ಲ, ಚಿಕಿತ್ಸೆ ಬದಲಿಸಬೇಕು ಎಂದರ್ಥ. ಆ ಹಾಳೆಗಳನ್ನೂ ನೋಟ್‌ಬುಕ್ಕನ್ನೂ ತೆಗೆದುಕೊಂಡು ವೈದ್ಯರ ಬಳಿ ಹೋಗಿ. ಹತ್ತು ನಿಮಿಷದ ಭೇಟಿಯಲ್ಲಿ ಬಾಯಲ್ಲಿ ಹೇಳಲಾಗದ್ದನ್ನು ಅವು ಹೇಳುತ್ತವೆ.

ಇದಿಷ್ಟರಲ್ಲಿ ಇವತ್ತು ಮಾಡಬೇಕಾದದ್ದು ಒಂದೇ: ಮೊದಲ ಹಂತದ ಒಂಬತ್ತು ಪ್ರಶ್ನೆಗಳಿಗೆ ಅಂಕ ಹಾಕಿ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಇಲ್ಲವೇ ಒಬ್ಬರೇ ಹಾಕಲು ಧೈರ್ಯ ಬಾರದಿದ್ದರೆ, 14416ಕ್ಕೆ ಕರೆ ಮಾಡಿ ಕನ್ನಡದಲ್ಲಿ ಮಾತಾಡಿ.